ಹಗ್ಗದ ಆಚೆ ಚೀನಾ, ಈಚೆ ಅಮೆರಿಕ

ಸತ್ವಾ, ದುಬೈ
ನವೆಂಬರ್ 3, 2024

ಅಕ್ಕು,

ಐದು ವರ್ಷವಾದ ಮೇಲೆ ನಿನಗೆ ಬರೆಯುತ್ತಿದ್ದೇನೆ. ನನ್ನ ನಂಬರ್ ಬ್ಲಾಕ್ ಮಾಡಿದ್ದೀ, ಸುಸನ್‌ಳ ನಂಬರನ್ನೂ ಬಿಟ್ಟಿಲ್ಲ. ಹೆಂಡತಿಯ ಮೇಲೂ ಸಿಟ್ಟಾ ಎಂದು ಅವಳು ಕೇಳುತ್ತಾಳೆ. ಹಾಗಾಗಿ ತರಕಾರಿ ವ್ಯಾನಿನ ಇಸ್ಮಾಯಿಲ್‌ನನ್ನು ಹಿಡಿದೆ. ಬೆಳಿಗ್ಗೆ ನಿಮ್ಮ ಫಾರ್ಮಿನ ಸೌತೆಕಾಯಿ ತುಂಬಿಕೊಂಡು ದುಬೈಗೆ ಬರುತ್ತಾನಲ್ಲ, ವಾಪಸ್ ಹೋಗುವಾಗ ಪೆಟ್ಟಿಗೆಗಳು ಖಾಲಿ. "ಇಷ್ಟು ಪೆಟ್ಟಿಗೆ ಹೊತ್ತವನಿಗೆ ಒಂದು ಕಾಗದ ಭಾರವಾ ಮಾರ್ರೆ?" ಅಂದ.

ವಿಷಯ ಇದು. ಖಲೀಫಾ ಸಿಟಿ ದಾಟಿ ಮರಳಿನ ನಡುವೆ ಇರುವ ಆ ಫಾರ್ಮಿಗೆ ಈ ತಿಂಗಳಿಂದ ನಾನು ಕೋಆರ್ಡಿನೇಟರ್. ನೀನು ಅಲ್ಲಿ ಮೆಸ್ಸಿನ ಅಡುಗೆಯವಳು ಎಂದು ಹಾಜರಿ ಪಟ್ಟಿ ನೋಡಿದಾಗಲೇ ಗೊತ್ತಾಯಿತು. ಅಮೆರಿಕದ ಕೃಷಿ ಕಾಲೇಜು, ಚೀನಾದ ಗ್ರೀನ್‌ಹೌಸ್ ಕಂಪನಿ ಕೂಡಿ ಮಾಡಿದ ಫಾರ್ಮು ಅದು. ಒಟ್ಟಿಗೆ ಬೆಳೆಯುವುದು, ಒಟ್ಟಿಗೆ ದುಬೈ ಅಂಗಡಿಗಳಿಗೆ ಮಾರುವುದು, ಎರಡೂ ದೇಶದ ವಿದ್ಯಾರ್ಥಿಗಳನ್ನು ಕರೆಸಿ ಒಂದೇ ಶೆಡ್ಡಿನಲ್ಲಿ ಕಲಿಸುವುದು ಎಂದು ಮಾತಾಗಿತ್ತು. ಮೊದಲನೇ ವರ್ಷವೇ ಜಗಳ. ನಮ್ಮ ವಿದ್ಯೆಯನ್ನು ಅವರು ಕದಿಯುತ್ತಾರೆ ಎಂದು ಇವರು, ಇವರು ಕದಿಯುತ್ತಾರೆ ಎಂದು ಅವರು. ಹನ್ನೆರಡು ಗ್ರೀನ್‌ಹೌಸುಗಳನ್ನು ಆರಾರು ಪಾಲು ಮಾಡಿಕೊಂಡು ನಡುವೆ ಹಗ್ಗ ಕಟ್ಟಿದ್ದಾರೆ ಎಂದು ಕೇಳಿದೆ.

ಜಾಗದ ಅರಬಿ ಯಜಮಾನರು ಕೊನೆಯ ಮಾತು ಹೇಳಿಯಾಗಿದೆ. ಮಾರ್ಚ್ ಮುಗಿಯುವುದರೊಳಗೆ ಎರಡೂ ಕಡೆಯವರು ಒಂದಾಗಬೇಕು, ಇಲ್ಲದಿದ್ದರೆ ಜಾಗ ವಾಪಸ್. ಹಾಗಾದರೆ ಇಪ್ಪತ್ತೆರಡು ಜನರ ವೀಸಾ ಕ್ಯಾನ್ಸಲ್. ಅದರಲ್ಲಿ ನಿನ್ನದೂ ಒಂದು.

ಎರಡೂ ಕಡೆಯವರಿಗೆ ಅನ್ನ ಹಾಕುವವಳು ನೀನು. ಅಲ್ಲಿ ನಿಜವಾಗಿ ಏನು ನಡೆಯುತ್ತಿದೆ ಎಂದು ಬರೆ. ರಿಪೋರ್ಟುಗಳಲ್ಲಿ ಬರೀ ಅಂಕಿ ಇದೆ, ಮನುಷ್ಯರಿಲ್ಲ. ಹಳೆಯದ್ದನ್ನು ಬದಿಗಿಡುವ.

ಒಂದು ಕಾಲದ ಸಂಗಾತಿ,
ವಿಲ್ಫ್ರೆಡ್


ಫಾರ್ಮಿನ ಅಡುಗೆಮನೆ, ಅಬುಧಾಬಿ
ನವೆಂಬರ್ 9, 2024

ವಿಲ್ಫ್ರೆಡ್ ಪೊರ್ಬುಗಳಿಗೆ,

ಊರಲ್ಲಿ ಕ್ರಿಶ್ಚಿಯನ್ ಧಣಿಗಳನ್ನು ಪೊರ್ಬುಗಳು ಅಂತಲೇ ಕರೆಯುವುದಲ್ಲ, ನಾನೂ ಹಾಗೇ ಕರೆದಿದ್ದೇನೆ. ಹಳೆಯದ್ದನ್ನು ಬದಿಗಿಡುವ ಅಂತ ಬರೆದಿದ್ದೀರಿ. ಯಾರ ಬದಿಗೆ? ಇಟ್ಟವರಿಗೆ ಹಗುರ ಆಗ್ತದೆ, ಆ ಬದಿಯಲ್ಲಿ ಕೂತವರ ಕಥೆ ಎಂತ?

ಐದು ವರ್ಷದ ಹಿಂದೆ ನಿಮ್ಮ ಮಗ ಇವಾನ್‌ನ ನಿಶ್ಚಿತಾರ್ಥ. "ಎಲ್ಲರೂ ಬನ್ನಿ, ಕ್ಯಾಂಪಿನವರನ್ನೂ ಕರ್ಕೊಂಡು ಬಾ" ಅಂತ ನೀವೇ ಫೋನ್ ಮಾಡಿದ್ದು. ಹನ್ನೊಂದು ಜನ ಬಂದೆವು. ಚನಿಯ ಅಂಗಿಗೆ ಇಸ್ತ್ರಿ ಹಾಕಿಸಿದ್ದ, ಶೀನಪ್ಪ ಯಾರದ್ದೋ ಶೂ ಕೇಳಿ ತಂದಿದ್ದ. ಹಾಲ್‌ನ ಒಳಗೆ ಸಂಘದ ಪದಾಧಿಕಾರಿಗಳು, ಆಫೀಸಿನವರು, ಏಸಿ, ಬ್ಯಾಂಡು. ನಮಗೆ ಕಾರು ನಿಲ್ಲಿಸುವ ಜಾಗದಲ್ಲಿ ಊಟದ ಪೊಟ್ಟಣ. "ಒಳಗೆ ಜಾಗ ಇಲ್ಲ ಅಕ್ಕು, ಬೇಜಾರು ಮಾಡ್ಕೋಬೇಡ." ಬಾಯಿ ನಿಮ್ಮದೇ.

ನನ್ನ ಅಪ್ಪ ದೊಡ್ಡವರ ಮದುವೆಯಲ್ಲಿ ಡೋಲು ಬಡಿದವನು. ನನ್ನ ಅಪ್ಪೆ ಚಪ್ಪರದ ಹಿಂದೆ ನಿಂತು ಉಂಡೆಸೆದ ಎಲೆಗೆ ಕಾದವಳು. ಆ ಎಲೆಯನ್ನು ನಾನು ಮುಟ್ಟುವುದಿಲ್ಲ ಅಂತ ಹದಿನೆಂಟನೇ ವರ್ಷಕ್ಕೆ ದಲಿತ ಸಂಘಟನೆಯ ಟೆಂಪೋ ಹತ್ತಿದೆ. ಆ ಟೆಂಪೋದಲ್ಲಿ ನೀವೂ ಇದ್ದಿರಿ. ಒಂದು ಹೋಟೆಲಿನ ಹಿತ್ತಿಲಲ್ಲಿ ನಮಗೆ ತೆಂಗಿನ ಗೆರಟೆಯಲ್ಲಿ ಚಾ ಕೊಟ್ಟಾಗ ಆ ಗೆರಟೆಯನ್ನು ನೆಲಕ್ಕೆ ಕುಕ್ಕಿ ಒಡೆದದ್ದು ನಾನಲ್ಲ ಪೊರ್ಬುಗಳೇ, ನೀವು. ಚಾ ನನ್ನ ಸೀರೆಗೆ ಚೆಲ್ಲಿ ಕಲೆಯಾಯಿತು. ಆ ಕಲೆಯನ್ನು ನಾನು ಎಷ್ಟು ಹೆಮ್ಮೆಯಿಂದ ತೋರಿಸಿಕೊಂಡು ತಿರುಗಿದ್ದೇನೆ ಗೊತ್ತುಂಟಾ? ಬೇರೆ ಯಾರು ಪೊಟ್ಟಣ ಕೊಟ್ಟಿದ್ದರೂ ಬೈದು ಮರೆಯುತ್ತಿದ್ದೆ. ಕೊಟ್ಟವರು ನೀವು.

ನಾನು ನಿಮ್ಮ ಗೂಢಚಾರಿಣಿ ಆಗುವುದಿಲ್ಲ. ಆದರೆ ಇಪ್ಪತ್ತೆರಡು ಜನರ ಅನ್ನದ ಪ್ರಶ್ನೆ, ಆದ್ದರಿಂದ ಕಣ್ಣಿಗೆ ಕಂಡದ್ದನ್ನು ಹೇಳುತ್ತೇನೆ.

ಹಗ್ಗ ನಿಜ. ನೀಲಿ ನೈಲಾನ್ ಹಗ್ಗ. ಈಚೆ ಅಮೆರಿಕದ ಡಾನಾ ಮ್ಯಾಡಂ. ನೆಬ್ರಾಸ್ಕಾ ಎಂಬಲ್ಲಿ ಹೊಲದಲ್ಲೇ ಹುಟ್ಟಿ ಬೆಳೆದವರು, ಈಗ ಕಾಲೇಜಿನ ಟೀಚರ್. ಗಿಡಕ್ಕೆ ಗುಟುಕು ಗುಟುಕಾಗಿ ನೀರು ಕೊಡುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಆಚೆ ಚೀನಾದ ಗುವೊ ಸಾಹೇಬರು, ಷಾಂಡಾಂಗ್ ಕಡೆಯವರು. ಸೌತೆಬಳ್ಳಿ ಮಾಡಿನ ತಂತಿ ಮುಟ್ಟಿದ ಕೂಡಲೇ ಅದನ್ನು ನಾಜೂಕಾಗಿ ಕೆಳಗೆ ಇಳಿಸಿ ಬುಡವನ್ನು ಸುರುಳಿ ಸುತ್ತಿ ಮಲಗಿಸುತ್ತಾರೆ. ತುದಿ ಮತ್ತೆ ಮೇಲೆ ಹತ್ತುತ್ತದೆ, ಎರಡು ಬೆಳೆಯಷ್ಟು ಕಾಯಿ ಒಂದೇ ಬಳ್ಳಿಯಲ್ಲಿ. ಇಬ್ಬರೂ ಒಳ್ಳೆಯವರು. ಇಬ್ಬರಿಗೂ ಮೇಲಿನಿಂದ ಹುಕುಂ: ಆಚೆಯವರು ಈಚೆ ಕಾಲಿಡಕೂಡದು, ಈಚೆಯವರು ಆಚೆಯದ್ದನ್ನು ನೋಡಕೂಡದು.

ಕೂಲಿಯವರಿಗೂ ಅದೇ ನಿಯಮ. ಚನಿಯ ಆಚೆ, ಅವನ ಸ್ವಂತ ತಮ್ಮ ಕೊರಗಪ್ಪ ಈಚೆ. ಹಗ್ಗ ಕಂಡರೆ ನನ್ನ ಕೈ ಕೆರೆಯುತ್ತದೆ.

ಅಡುಗೆಯವಳು,
ಅಕ್ಕು


ಸತ್ವಾ
ನವೆಂಬರ್ 20, 2024

ಅಕ್ಕು,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೂರನೇ ಸಲ ಸುಸನ್ ಜೋರಾಗಿ ಓದಿದಳು.

ಹಾಲ್ ಸಣ್ಣದಿತ್ತು. ಸುಸನ್‌ಳ ಅಣ್ಣ ಇನ್ನೂರು ಜನರಿಗೆ ಎಂದು ಹೇಳಿದ್ದ, ಬಂದದ್ದು ಮುನ್ನೂರು. ಬೀಗರ ಕಡೆಯವರಿಗೆ ಕೊರತೆ ಆಗಬಾರದಿತ್ತು. ಅವತ್ತಿನ ಪರಿಸ್ಥಿತಿ ಹಾಗಿತ್ತು.

ಮಗಳು ಸ್ಟೇಸಿ ಇದನ್ನು ಇಣುಕಿ ನೋಡಿ, "ಡ್ಯಾಡ್, ದಟ್ಸ್ ನಾಟ್ ಎ ಸಾರಿ" ಅಂದಳು. ಮಕ್ಕಳಿಗೆ ಎಂತ ಗೊತ್ತು.

ಇಸ್ಮಾಯಿಲ್‌ನ ಹತ್ತಿರ ಒಂದು ಗೋಣಿ ಕುಚ್ಚಲಕ್ಕಿ, ಸ್ವಲ್ಪ ಒಣಮೀನು ಕಳಿಸಿದ್ದೇನೆ. ಕ್ರಿಸ್ಮಸ್‌ಗೆ ಮುಂಚೆಯೇ ಆಯಿತು, ಇರಲಿ.

ವಿಲ್ಫ್ರೆಡ್


ಫಾರ್ಮಿನ ಅಡುಗೆಮನೆ
ಡಿಸೆಂಬರ್ 4, 2024

ಪೊರ್ಬುಗಳಿಗೆ,

ಅಕ್ಕಿ ವಾಪಸ್ ಕಳಿಸಿದ್ದೇನೆ. ಒಣಮೀನು ಇಟ್ಟುಕೊಂಡಿದ್ದೇನೆ. ಮೀನು ಎಂತ ತಪ್ಪು ಮಾಡಿದೆ ಪಾಪ.

ಇಸ್ಮಾಯಿಲ್ ಗೋಣಿ ಹೊತ್ತು ಹೊತ್ತು ಸಾಕಾಗಿ, "ಅಕ್ಕ, ನಿಮ್ಮ ಜಗಳದಲ್ಲಿ ನನ್ನ ಸೊಂಟ ಯಾಕೆ ಬರಬೇಕು? ಮುಂದಿನ ಸಲ ಹಗುರದ್ದು ಎಂತಾದರೂ ಕಳಿಸಿಕೊಳ್ಳಿ, ಹಪ್ಪಳ ಗಿಪ್ಪಳ" ಅಂದ.

ನಿಮ್ಮ ಸ್ಟೇಸಿಗೆ ನನ್ನ ಸಲಾಂ ಹೇಳಿ. ಅವಳಿಗೆ ಗೊತ್ತು.

ಫಾರ್ಮಿನ ಸುದ್ದಿ ಬೇಕಂತಲ್ಲ, ಕೇಳಿ. ಡಾನಾ ಮ್ಯಾಡಂ ಬೆಳಿಗ್ಗೆ ಏಳಕ್ಕೆ ಅಡುಗೆಮನೆಗೆ ಬರುತ್ತಾರೆ. ಗುವೊ ಸಾಹೇಬರು ಏಳೂವರೆಗೆ. ಇಬ್ಬರೂ ಮುಖಾಮುಖಿ ಆಗದ ಹಾಗೆ ಗಡಿಯಾರ ನೋಡಿಕೊಂಡು ಬರುವುದು. ಮ್ಯಾಡಂಗೆ ಗಂಜಿಯ ಮೇಲೆ ಹುಚ್ಚು. ಮಾವಿನ ಉಪ್ಪಿನಕಾಯಿಯನ್ನು ಬೆರಳಲ್ಲಿ ನೆಕ್ಕಿ ಕಣ್ಣು ಮುಚ್ಚುತ್ತಾರೆ. ಗುವೊ ಸಾಹೇಬರಿಗೂ ಗಂಜಿಯೇ. ಅವರ ಊರಿನಲ್ಲೂ ಬೆಳಿಗ್ಗೆ ಗಂಜಿ ಅಂತೆ, ಅವರ ತಾಯಿ ಅದಕ್ಕೆ ಗೆಣಸು ಹಾಕುತ್ತಿದ್ದರಂತೆ. ಹೇಳುವಾಗ ದನಿ ಸ್ವಲ್ಪ ಬಿದ್ದುಹೋಯಿತು. ಮಾರನೇ ದಿನ ನಾನು ಗೆಣಸು ಹಾಕಿದೆ. ಬಟ್ಟಲು ಖಾಲಿ ಮಾಡಿ, ಸುಮ್ಮನೆ ನನ್ನ ಪಾತ್ರೆ ತೊಳೆದಿಟ್ಟು ಹೋದರು. ನಾನು ಈ ದೇಶಕ್ಕೆ ಬಂದು ಹದಿನಾಲ್ಕು ವರ್ಷವಾಯಿತು. ಯಜಮಾನನೊಬ್ಬ ನನ್ನ ಪಾತ್ರೆ ತೊಳೆದದ್ದು ಅದೇ ಮೊದಲು.

ಕಳೆದ ವಾರ ಒಂದು ಕೆಲಸ ಮಾಡಿದೆ. ಗಂಜಿಯನ್ನು ಬೇಕಂತಲೇ ತಡವಾಗಿ ಒಲೆಯಿಂದ ಇಳಿಸಿದೆ. ಏಳಕ್ಕೆ ಬಂದ ಮ್ಯಾಡಂ ಏಳೂವರೆವರೆಗೆ ಕಾಯಬೇಕಾಯಿತು. ಸಾಹೇಬರು ಬಾಗಿಲಲ್ಲಿ ನಿಂತು ಒಳಗೆ ಬರುವುದೋ ಬೇಡವೋ ಅಂತ ಚಪ್ಪಲಿ ನೋಡಿಕೊಂಡರು. ನಾನು ಎರಡು ಬಟ್ಟಲು ಒಂದೇ ಬೆಂಚಿನ ಮೇಲೆ ಇಟ್ಟೆ. "ಯಲ್ಲಾ, ಬೈಠೋ" ಅಂದೆ. ಕೂತರು. ಅವರವರ ಬಟ್ಟಲನ್ನೇ ನೋಡಿಕೊಂಡು ಉಂಡರು. ಆಮೇಲೆ ಮ್ಯಾಡಂ ಸಾಹೇಬರ ಬಟ್ಟಲಿನ ಗೆಣಸನ್ನು ತೋರಿಸಿ ಅದು ಎಂತ ಅಂತ ಕೇಳಿದರು. ಸಾಹೇಬರು ತಮ್ಮ ಬಟ್ಟಲಿನಿಂದ ಒಂದು ತುಂಡು ಎತ್ತಿ ಅವರ ಬಟ್ಟಲಿಗೆ ಹಾಕಿದರು.

ಇದನ್ನು ರಿಪೋರ್ಟಿನಲ್ಲಿ ಯಾವ ಕಾಲಮಿಗೆ ಹಾಕುತ್ತೀರಿ ನೋಡುವ.

ಅಕ್ಕು


ಹಮ್ದಾನ್ ಸ್ಟ್ರೀಟ್ ಆಫೀಸು, ಅಬುಧಾಬಿ
ಜನವರಿ 10, 2025

ಅಕ್ಕು,

ಮೀಟಿಂಗಿಗೆ ಇಲ್ಲಿಗೆ ಬಂದಿದ್ದೆ. ಫಾರ್ಮಿಗೆ ಬರಲು ಅರ್ಧ ಗಂಟೆ ಸಾಕಿತ್ತು. ಧೈರ್ಯ ಸಾಕಾಗಲಿಲ್ಲ.

ಒಂದು ವಿಚಿತ್ರ ಕಂಡಿದೆ. ಅಕ್ಟೋಬರಿನಿಂದ ಈಚೆಗೆ ಎರಡೂ ಕಡೆ ಇಳುವರಿ ಏರಿದೆ. ಅಮೆರಿಕದವರ ರಿಪೋರ್ಟು ನಮ್ಮ ನೀರಿನ ಪದ್ಧತಿಯ ಗೆಲುವು ಎನ್ನುತ್ತದೆ. ಚೀನಾದವರ ರಿಪೋರ್ಟು ನಮ್ಮ ಬಳ್ಳಿಯ ಪದ್ಧತಿಯ ಗೆಲುವು ಎನ್ನುತ್ತದೆ. ಆದರೆ ಚೀನಾದ ಕಡೆ ನೀರಿನ ಖರ್ಚು ಅರ್ಧಕ್ಕೆ ಇಳಿದದ್ದು ಹೇಗೆ? ಅಮೆರಿಕದ ಕಡೆ ಬಳ್ಳಿಗಳ ಆಯಸ್ಸು ಎರಡರಷ್ಟಾದದ್ದು ಹೇಗೆ? ಇಬ್ಬರೂ ಈ ಪ್ರಶ್ನೆಯನ್ನು ಕೇಳಿಕೊಂಡಿಲ್ಲ. ನಾನು ಟೆಂಪೋದಲ್ಲಿ ತಿರುಗಿದವನು, ನನಗೆ ವಾಸನೆ ಬಡಿಯುತ್ತದೆ.

ಎಂತ ನಡೀತಾ ಉಂಟು ಅಲ್ಲಿ?

ವಿಲ್ಫ್ರೆಡ್


ಫಾರ್ಮಿನ ಅಡುಗೆಮನೆ
ಜನವರಿ 18, 2025

ವಿಲ್ಫಿ,

ಇವತ್ತು ಪೊರ್ಬು ಗಿರ್ಬು ಇಲ್ಲ. ಹಳೆಯ ಹೆಸರಲ್ಲಿ ಕರೆದಿದ್ದೇನೆ, ಹಳೆಯ ಮನುಷ್ಯ ಓದುತ್ತಾನೋ ನೋಡುವ ಅಂತ.

ವಾಸನೆ ಸರಿಯಾಗಿಯೇ ಬಡಿದಿದೆ. ಮಧ್ಯಾಹ್ನ ಒಂದರಿಂದ ಎರಡು, ಸಾಹೇಬರೂ ಮ್ಯಾಡಮ್ಮೂ ಅವರವರ ಕ್ಯಾಬಿನ್ನಿನಲ್ಲಿ ಊಟಕ್ಕೆ ಕೂತಾಗ, ಚನಿಯ ಹಗ್ಗ ದಾಟುತ್ತಾನೆ. ಕೊರಗಪ್ಪನೂ ದಾಟುತ್ತಾನೆ. ಜೊತೆಗೆ ಆರು ಮಂದಿ ಬಾಂಗ್ಲಾದವರು, ಇಬ್ಬರು ನೇಪಾಳಿಗಳು. ಚನಿಯ ಈಚೆಯ ಬಳ್ಳಿಗಳನ್ನು ಗುವೊ ಸಾಹೇಬರ ಹಾಗೆ ಇಳಿಸಿ ಮಲಗಿಸುತ್ತಾನೆ. ಕೊರಗಪ್ಪ ಆಚೆಯ ನೀರಿನ ಟೈಮರನ್ನು ಡಾನಾ ಮ್ಯಾಡಂ ಹಾಗೆ ದಿನಕ್ಕೆ ಐದು ಗುಟುಕಿಗೆ ತಿರುಗಿಸುತ್ತಾನೆ. ಸಾಯಂಕಾಲ ಸಾಹೇಬರು ನೋಡಲು ಬರುವುದರೊಳಗೆ ಚನಿಯ ಅದನ್ನು ಮೊದಲು ಹೇಗಿತ್ತೋ ಹಾಗೆ ಇಡುತ್ತಾನೆ. ಕಾವಲಿಗೆ ಅಡುಗೆಮನೆಯ ಕಿಟಕಿಯಲ್ಲಿ ನಾನು. ಯಾರಾದರೂ ಕ್ಯಾಬಿನ್ನಿಂದ ಹೊರಗೆ ಬಂದರೆ ಸೌಟಿನಲ್ಲಿ ಪಾತ್ರೆ ಬಡಿಯುವುದು. ನನ್ನ ಅಪ್ಪನ ಡೋಲಿನ ಪೆಟ್ಟು ನನಗೆ ಇನ್ನೂ ಮರೆತಿಲ್ಲ.

ಶುರು ಮಾಡಿದ್ದು ಚನಿಯ. ನಾನು ಬೈದೆ, "ಸಿಕ್ಕಿಬಿದ್ದರೆ ವಿಮಾನಕ್ಕೆ ಹತ್ತಿಸ್ತಾರೆ ಮಾರಾಯ" ಅಂತ. ಅವನು ಹೇಳಿದ್ದು ಕೇಳು: "ಅಕ್ಕ, ಬಳ್ಳಿಗೆ ಚೀನಾ ಅಮೆರಿಕ ಅಂತ ಗೊತ್ತುಂಟಾ? ಅಲ್ಲಿ ಬಾಯಾರಿ ಸಾಯ್ತದೆ, ಇಲ್ಲಿ ಕುತ್ತಿಗೆ ಮುರ್ಕೊಂಡು ಸಾಯ್ತದೆ. ನೋಡಿಕೊಂಡು ಸುಮ್ಮನೆ ಇರ್ಲಿಕ್ಕೆ ನಮಗೇನು ಮೇಲಿನಿಂದ ಸಂಬಳ ಬರ್ತದಾ?"

ಇದೇ ವಿಲ್ಫಿ. ಎರಡು ದೊಡ್ಡ ದೇಶದವರು ಸೂಟು ಹಾಕಿ ಎರಡು ವರ್ಷ ಮೀಟಿಂಗು ಮಾಡಿ ಆಗದ ಕೆಲಸ, ನಮ್ಮವರು ಊಟದ ಗಂಟೆಯಲ್ಲಿ ಮುಗಿಸಿದ್ದಾರೆ. ಸಹಿ ಬೀಳದ ಒಪ್ಪಂದ ಮಣ್ಣಿನಲ್ಲಿ ಆಗಲೇ ಕಾಯಿ ಬಿಟ್ಟಿದೆ. ಭೂಮಿಗೆ ಕೈ ಹಾಕುವವನ ತಲೆಯಲ್ಲಿ ವಿದ್ಯೆ ಇರ್ತದೆ ಅಂತ ಯಾರೂ ನಂಬುವುದಿಲ್ಲ, ಅದಕ್ಕೆ ಕಳ್ಳತನದಲ್ಲಿ ಮಾಡಬೇಕಾಗಿ ಬಂತು.

ಈಗ ಹೇಳಿಬಿಟ್ಟಿದ್ದೇನೆ. ನೀನು ಕೋಆರ್ಡಿನೇಟರ್, ಬರೆದು ಮೇಲೆ ಕಳಿಸಿದರೆ ನಾಳೆಯೇ ನಾವು ಹನ್ನೊಂದು ಮಂದಿ ಹೊರಗೆ. ಗೆರಟೆ ಒಡೆದ ವಿಲ್ಫಿ ಬೇರೆ, ಪೊಟ್ಟಣ ಕೊಟ್ಟ ವಿಲ್ಫ್ರೆಡ್ ಬೇರೆ. ನನ್ನ ಕಾಗದ ಯಾರ ಕೈಗೆ ಸಿಕ್ಕಿತು ಅಂತ ನನಗೆ ಗೊತ್ತಾಗಬೇಕು.

ಕಿಟಕಿಯಲ್ಲಿ ನಿಂತವಳು,
ಅಕ್ಕು


ಸತ್ವಾ
ಫೆಬ್ರವರಿ 12, 2025

ಅಕ್ಕು,

ಇದೇ 20ನೇ ತಾರೀಕು, ಗುರುವಾರ, ಅಮೆರಿಕದಿಂದ ಕಾಲೇಜಿನ ಮುಖ್ಯಸ್ಥರು ನಾಲ್ಕು ಜನರೊಂದಿಗೆ, ಚೀನಾದಿಂದ ಕಂಪನಿಯ ದೊಡ್ಡವರು ಐದು ಜನರೊಂದಿಗೆ ಫಾರ್ಮಿಗೆ ಬರುತ್ತಾರೆ. ಇಡುವುದೋ ಮುಚ್ಚುವುದೋ ಅಂದೇ ತೀರ್ಮಾನ. ಜಾಗದ ಯಜಮಾನರೂ ಇರುತ್ತಾರೆ.

ಮಧ್ಯಾಹ್ನದ ಊಟ ನಿನ್ನ ಮೆಸ್ಸಿನಲ್ಲಿ. ಚೀನಾದವರ ಅಡುಗೆ ಹೊರಗಿನ ಹೋಟೆಲಿನಿಂದ ಬರುತ್ತದೆ, ಅಮೆರಿಕದವರದ್ದು ನೀನು ಮಾಡಬೇಕು. ಎರಡು ಟೇಬಲ್, ದೂರ ದೂರ. ಒಂದರ ಸೌಟು ಇನ್ನೊಂದಕ್ಕೆ ತಾಗಬಾರದು. ಇದನ್ನು ತುಂಬ ಜಾಗ್ರತೆಯಿಂದ ನೋಡಿಕೋ.

ಆತುರದಲ್ಲಿ,
ವಿಲ್ಫ್ರೆಡ್


ಫಾರ್ಮಿನ ಅಡುಗೆಮನೆ
ಫೆಬ್ರವರಿ 14, 2025

ಪೊರ್ಬುಗಳಿಗೆ,

ಕಾಗದ ಸಿಕ್ಕಿತು. ಊಟ ಹಾಕುತ್ತೇನೆ.

ಅಕ್ಕು


ಸತ್ವಾ
ಫೆಬ್ರವರಿ 22, 2025

ಅಕ್ಕು,

ಇದನ್ನು ಹಮ್ದಾನ್ ಸ್ಟ್ರೀಟಿನಲ್ಲಿರುವ ನಿನ್ನ ಸೊಸೆ ಅಶ್ಮಿತಾಳ ಮನೆಗೇ ಕಳಿಸುತ್ತಿದ್ದೇನೆ. ಎರಡು ದಿನದಿಂದ ನೀನು ಚನಿಯನ ಫೋನು ಕೂಡ ಎತ್ತುತ್ತಿಲ್ಲವಂತೆ. ಹರಿದು ಹಾಕುವ ಮೊದಲು ಓದು. ನೀನು ಹೋದ ಮೇಲೆ ನಡೆದದ್ದು ನಿನಗೆ ಗೊತ್ತಿಲ್ಲ.

ನೀನು ಕಂಡದ್ದು ಇಷ್ಟು: ದೊಡ್ಡವರೆಲ್ಲ ಮೆಸ್ಸಿನೊಳಗೆ ಬಂದರು. ಎರಡು ಟೇಬಲ್ ಇರಬೇಕಾದಲ್ಲಿ ಆರು ಟೇಬಲ್ಲುಗಳ ಒಂದೇ ಉದ್ದ ಸಾಲು, ಸಾಲಿಗೆ ಬಾಳೆಲೆ, ನೀರುದೋಸೆ, ಕೋಳಿ ಗಸಿ, ಸೌತೆಕಾಯಿ ಹುಳಿ. ಹೋಟೆಲಿನ ಅಡುಗೆಯನ್ನು ನೀನು ಗೇಟಿನಲ್ಲೇ ತಡೆದು ಕಾವಲಿನವರಿಗೆ ಹಂಚಿದ್ದೆ. ಅಮೆರಿಕದ ಮುಖ್ಯಸ್ಥರ ಸಹಾಯಕಿ ಮುಖ ಬಿಳಿಚಿಕೊಂಡು "ಬೇರೆ ಟೇಬಲ್ ಅಂತ ಹೇಳಿದ್ದೆವಲ್ಲ" ಅಂದಳು. ಆಗ ನೀನು ಸೌಟು ಹಿಡಿದುಕೊಂಡೇ ಹೊರಗೆ ಬಂದು ಎಲ್ಲರ ಎದುರು ಕನ್ನಡದಲ್ಲಿ, "ಎರಡು ಪಂಕ್ತಿ ಹಾಕಿದವರ ಚಪ್ಪರವನ್ನೇ ಕಿತ್ತು ಬಂದವರು ನಾವು. ಕೂತುಕೊಳ್ಳುವುದಾದರೆ ಒಟ್ಟಿಗೆ ಕೂತುಕೊಳ್ಳಿ, ಇಲ್ಲದಿದ್ದರೆ ಹಸಿದುಕೊಂಡು ಹೋಗಿ" ಅಂದೆ. ಎಲ್ಲರೂ ಅನುವಾದಕ್ಕೆ ನನ್ನ ಮುಖ ನೋಡಿದರು. ನಾನು ಕೈಯಲ್ಲಿದ್ದ ಫೈಲು ತಿರುವುತ್ತಾ ನಿಂತೆ. ನೀನೂ ನೋಡಿದೆ. ಎಪ್ರನ್ ಬಿಚ್ಚಿ ನನ್ನ ಕೈಗೆ ಕೊಟ್ಟು, "ಖಲಾಸ್" ಅಂತ ಹೇಳಿ, ಇಸ್ಮಾಯಿಲ್‌ನ ವ್ಯಾನು ಹತ್ತಿದೆ.

ಆಮೇಲೆ ನಾನು ಅನುವಾದ ಮಾಡಿದೆ ಅಕ್ಕು. ಒಂದು ಮಾತೂ ಬಿಡದೆ. ಹಸಿದುಕೊಂಡು ಹೋಗಿ ಎಂಬುದನ್ನೂ.

ಎರಡು ಟೇಬಲಿನ ಗುಟ್ಟು ಈಗ ಕೇಳು. ಅಮೆರಿಕದ ಆ ಮುಖ್ಯಸ್ಥರಿಗೆ ನೆಲಕಡಲೆ ಆಗುವುದಿಲ್ಲ. ಒಂದು ತೊಟ್ಟು ಎಣ್ಣೆ ನಾಲಗೆಗೆ ತಾಗಿದರೂ ಗಂಟಲು ಬಾತು ಉಸಿರು ನಿಲ್ಲುತ್ತದೆ. ಹೋಟೆಲಿನ ಅಡುಗೆ ನೆಲಕಡಲೆ ಎಣ್ಣೆಯದ್ದು. ಅಷ್ಟೇ ಸಂಗತಿ. ಪಂಕ್ತಿಭೇದ ಯಾರ ತಲೆಯಲ್ಲೂ ಇರಲಿಲ್ಲ. ಆದರೆ ಕಾರಣ ಬರೆಯದೆ ಬರೀ "ತಾಗಬಾರದು" ಎಂದು ಬರೆದೆನಲ್ಲ ನಾನು, ಬೇರೆ ಯಾರಿಗೂ ಅಲ್ಲ, ನಿನಗೆ. ಹುಕುಂ ಕೊಟ್ಟು ಕಾರಣ ನುಂಗುವ ಈ ಅಭ್ಯಾಸ ನನಗೆ ಯಾವಾಗ ಅಂಟಿತು?

ಅಡುಗೆಮನೆಗೆ ಓಡಿ ಡಬ್ಬ ಡಬ್ಬ ಮೂಸಿದೆ. ಬರೀ ತೆಂಗಿನೆಣ್ಣೆ. ಮಂಡಿಯೂರಿ ದೇವರಿಗೆ ಸ್ತೋತ್ರ ಹೇಳಿ ಹೊರಗೆ ಬಂದೆ. ಜಾಗದ ಯಜಮಾನರು ಆಗಲೇ ನೀರುದೋಸೆಗೆ ಕೈ ಹಾಕಿದ್ದರು. ಅವರು ಕೂತ ಮೇಲೆ ಉಳಿದವರು ನಿಲ್ಲುವುದು ಹೇಗೆ?

ಗುವೊ ಸಾಹೇಬರು ಜಾಗ ಮಾಡಿಕೊಳ್ಳಲು ತಮ್ಮ ಟೇಬಲನ್ನು ಸ್ವಲ್ಪ ಎಳೆದರು. ಆರೂ ಟೇಬಲ್ಲು ಒಟ್ಟಿಗೆ ಅಲ್ಲಾಡಿದವು. ಬಗ್ಗಿ ಕೆಳಗೆ ನೋಡಿದರು. ಕಾಲಿಗೆ ಕಾಲು ಸೇರಿಸಿ ನೀಲಿ ನೈಲಾನ್ ಹಗ್ಗದಲ್ಲಿ ಬಿಗಿದಿತ್ತು. "ಇದು ನಮ್ಮ ಹಗ್ಗ" ಅಂದರು ಸಾಹೇಬರು. ಡಾನಾ ಮ್ಯಾಡಂ ಬಗ್ಗಿ ನೋಡಿ, "ಅಲ್ಲ, ನಮ್ಮದು" ಅಂದರು. ಎರಡು ವರ್ಷದ ಜಗಳ ಟೇಬಲಿನ ಅಡಿಯಲ್ಲಿ ಮತ್ತೆ ಶುರುವಾಯಿತು ಅಂದುಕೊಂಡೆ.

ಆಗ ನೀರಿನ ಜಗ್ಗು ಹಿಡಿದಿದ್ದ ಚನಿಯ ಅವನ ಹಿಂದಿಯಲ್ಲಿ ಹೇಳಿದ: "ಸಾಬ್, ಹಗ್ಗ ಇಷ್ಟು ದಿನ ಸುಮ್ಮನೆ ನಿಂತಿತ್ತು. ಈಗ ಕೆಲಸಕ್ಕೆ ಬಿತ್ತು. ದಾಟುವವರು ಅಕ್ಟೋಬರಿನಿಂದ ದಾಟ್ತಾನೇ ಇದ್ದೆವು." ಮತ್ತೆ ಎಲ್ಲ ಹೇಳಿದ. ಬಳ್ಳಿ, ನೀರು, ಊಟದ ಗಂಟೆ. ನಿನ್ನ ಕಿಟಕಿಯನ್ನು ಮಾತ್ರ ಹೇಳಲಿಲ್ಲ.

ಚೀನಾದ ದೊಡ್ಡವರು ನನ್ನ ಕಡೆ ತಿರುಗಿ, "ನಿಮಗೆ ಗೊತ್ತಿತ್ತೇ?" ಎಂದು ಕೇಳಿದರು.

ಆ ಹಳೆಯ ಗೆರಟೆ ಮತ್ತೆ ಕೈಗೆ ಬಂದ ಹಾಗಾಯಿತು ಅಕ್ಕು. ಇಪ್ಪತ್ತೊಂಬತ್ತು ವರ್ಷದ ನಂತರ.

"ಒಂದು ತಿಂಗಳಿಂದ ಗೊತ್ತಿತ್ತು" ಅಂದೆ. "ಹೆದರಿ ರಿಪೋರ್ಟಿನಲ್ಲಿ ಬರೆಯಲಿಲ್ಲ. ಈಗ ಹೇಳುತ್ತೇನೆ. ನಿಮ್ಮ ಎರಡೂ ರಿಪೋರ್ಟು ಅರ್ಧ ಸುಳ್ಳು. ಪೂರ್ತಿ ನಿಜ ಈ ಮನುಷ್ಯನ ಕೈಯಲ್ಲಿದೆ. ಇವನನ್ನು ತೆಗೆಯುವುದಾದರೆ ಮೊದಲು ನನ್ನನ್ನು ತೆಗೆಯಿರಿ."

ಮೊದಲು ನಕ್ಕದ್ದು ಗುವೊ ಸಾಹೇಬರು. ಹೊಟ್ಟೆ ಹಿಡಿದುಕೊಂಡು ನಕ್ಕರು. "ನನ್ನ ನೀರು ಉಳಿದದ್ದು ಹೇಗೆ ಎಂದು ನನಗೇ ಅರ್ಥವಾಗಿರಲಿಲ್ಲ, ಕೇಳಲು ನಾಚಿಕೆ" ಅಂದರು. ಡಾನಾ ಮ್ಯಾಡಂ, "ನನ್ನ ಬಳ್ಳಿ ಯಾಕೆ ಮುದುಕಿಯಾಗುವುದೇ ಇಲ್ಲ ಎಂದು ನನಗೂ ಸಂಶಯವಿತ್ತು" ಅಂದರು. ಎಲ್ಲರೂ ಎಲೆ ಬಿಟ್ಟು ಎದ್ದು ನಾಲ್ಕನೇ ಗ್ರೀನ್‌ಹೌಸಿಗೆ ನಡೆದರು. ಚನಿಯ ಮುಂದೆ, ಎರಡು ದೇಶದ ದೊಡ್ಡವರು ಅವನ ಹಿಂದೆ. ಅವನು ಬಳ್ಳಿ ಇಳಿಸಿ ತೋರಿಸಿದ. ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿಕೊಂಡು, ಇನ್ನೊಮ್ಮೆ ಎಂದರು.

ತೀರ್ಮಾನ: ಫಾರ್ಮು ಒಂದೇ. ಇಪ್ಪತ್ತೆರಡು ವೀಸಾವೂ ಉಳಿಯಿತು. ಅಕ್ಟೋಬರಿನಲ್ಲಿ ಎರಡೂ ದೇಶದಿಂದ ಆರಾರು ವಿದ್ಯಾರ್ಥಿಗಳು ಬರುತ್ತಾರೆ. ಬಳ್ಳಿ, ನೀರಿನ ಪಾಠಕ್ಕೆ ಮೇಷ್ಟ್ರು ಚನಿಯ, ಅವನಿಗೆ ಜೊತೆ ಕೊರಗಪ್ಪ. ಕಾಗದದಲ್ಲಿ ಹಾಗೆಯೇ ಬರೆದಿದೆ, ಮೇಷ್ಟ್ರ ಸಂಬಳ ಸಮೇತ. ನಾನೇ ಟೈಪ್ ಮಾಡಿದೆ.

ಇನ್ನು ಉಳಿದದ್ದು. ಅವತ್ತು ಹಾಲ್‌ನೊಳಗೆ ಜಾಗ ಇತ್ತು ಅಕ್ಕು. ಹನ್ನೊಂದು ಕುರ್ಚಿ ಹಾಕಬಹುದಿತ್ತು. ಬೀಗರು ಏನಂದುಕೊಳ್ಳುತ್ತಾರೋ ಎಂದು ನಾಚಿಕೆಯಾಯಿತು ನನಗೆ. ನಿಮ್ಮ ಬಗ್ಗೆ ನಾಚಿದೆ. ಐದು ವರ್ಷದಿಂದ ನನ್ನ ಬಗ್ಗೆ ನಾಚುತ್ತಿದ್ದೇನೆ. ನನ್ನದು ತಪ್ಪು.

ಎಪ್ರನ್ ನನ್ನ ಹತ್ತಿರವೇ ಇದೆ. ಸುಸನ್ ಒಗೆದು ಇಸ್ತ್ರಿ ಹಾಕಿದ್ದಾಳೆ.

ವಿಲ್ಫಿ


ಹಮ್ದಾನ್ ಸ್ಟ್ರೀಟ್
ಫೆಬ್ರವರಿ 25, 2025

ವಿಲ್ಫಿ,

ಅಶ್ಮಿತಾ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದವಳು ನಿನ್ನ ಕಾಗದ ಓದಿ, "ಅತ್ತೆ, ನೆಲಕಡಲೆ ಆಗದವರಿಗೆ ಅದು ತಾಗಿದರೆ ಹತ್ತು ನಿಮಿಷ ಸಾಕು, ನಾವು ನೋಡಿದ್ದೇವೆ" ಅಂದಳು. ನನ್ನ ಬೆಂಕಿ ಒಮ್ಮೊಮ್ಮೆ ತಪ್ಪು ಒಲೆಗೆ ಬೀಳುತ್ತದೆ ಮಾರಾಯ. ತೆಂಗಿನ ಮರ ನನ್ನ ಮಾನ ಕಾಯಿತು. ಆ ದೊಡ್ಡವರ ಹತ್ತಿರ ನನ್ನ ಪರವಾಗಿ ತಪ್ಪಾಯಿತು ಅಂತ ಹೇಳು. ಟೇಬಲ್ ಜೋಡಿಸಿದ್ದಕ್ಕೆ ಅಲ್ಲ. ಕೇಳದೆ ಇದ್ದದ್ದಕ್ಕೆ.

ಇನ್ನು ಮುಂದೆ ನಿಯಮ ಇದು: ನೀನು ಕಾರಣ ಬರೆಯಬೇಕು, ನಾನು ಕಾರಣ ಕೇಳಬೇಕು.

ಕೆಲಸಕ್ಕೆ ಬರುತ್ತೇನೆ. ಆದರೆ ಶರತ್ತು ಉಂಟು. ಆ ಹನ್ನೊಂದು ಜನರನ್ನು ನಿನ್ನ ಮನೆಗೆ ಕರೆಯಬೇಕು. ಕಾರು ನಿಲ್ಲಿಸುವ ಜಾಗಕ್ಕಲ್ಲ, ನಡುಮನೆಗೆ. ಬಡಿಸುವುದು ನೀನು. ಎಲೆ ಎತ್ತುವುದೂ ನೀನು. ಅಡುಗೆ ಸುಸನ್‌ದಾಗಲಿ, ಅವಳ ಹಂದಿಮಾಂಸದ ಸಾರಿಗೆ ನಾನು ಐದು ವರ್ಷ ಉಪವಾಸ ಇದ್ದೇನೆ. ಶೀನಪ್ಪ ಊರಿಗೆ ಹೋಗಿಬಿಟ್ಟಿದ್ದಾನೆ, ಅವನನ್ನು ವೀಡಿಯೋ ಕಾಲಿನಲ್ಲಾದರೂ ಕೂರಿಸಬೇಕು.

ಎಪ್ರನ್ ಇಸ್ಮಾಯಿಲ್‌ನ ಹತ್ತಿರ ಕಳಿಸು. ಹಗುರ ಉಂಟು, ಅವನು ಬೈಯುವುದಿಲ್ಲ.

ಅಕ್ಕು


ಫಾರ್ಮಿನ ಅಡುಗೆಮನೆ
ಅಕ್ಟೋಬರ್ 7, 2025

ವಿಲ್ಫಿ,

ಈಸ್ಟರ್ ಕಳೆದು ನಿನ್ನ ಮನೆಯಲ್ಲಿ ಉಂಡದ್ದರ ಬಗ್ಗೆ ಚನಿಯ ಇನ್ನೂ ಮಾತಾಡುತ್ತಾನೆ. ಶೀನಪ್ಪನ ಮುಖ ಇದ್ದ ಫೋನಿನ ಎದುರು ನೀನು ಎಲೆ ಹಾಕಿ ಸಾರು ಬಡಿಸಿದ್ದು, ಅವನು ಊರಿನಿಂದ "ಉಪ್ಪು ಕಡಿಮೆ" ಅಂದದ್ದು. ಎಲೆ ಎತ್ತುವಾಗ ನಿನ್ನ ಕಣ್ಣು ಒದ್ದೆಯಾದದ್ದನ್ನು ನಾನು ಯಾರಿಗೂ ಹೇಳಲಿಲ್ಲ. ಸ್ಟೇಸಿ ಹೇಳಿದ್ದು.

ನಿನ್ನೆ ಮೊದಲ ಪಾಠ. ನೀನು ಮೀಟಿಂಗಿನಲ್ಲಿ ಸಿಕ್ಕಿಬಿದ್ದು ಬರಲಾಗಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಹನ್ನೆರಡು ಮಕ್ಕಳು ಬಂದಿದ್ದಾರೆ. ಮೆಸ್ಸಿನ ಟಿವಿಯಲ್ಲಿ ಅವರ ಎರಡು ಸರ್ಕಾರಗಳು ತೆರಿಗೆ ಗಿರಿಗೆ ಅಂತ ಬೈದಾಡಿಕೊಳ್ಳುತ್ತಿದ್ದವು. ನಾನು ಟಿವಿಯ ಪ್ಲಗ್ ಕಿತ್ತು ಮಿಕ್ಸಿ ಹಾಕಿದೆ. ಚಟ್ನಿ ಆಗಬೇಕಿತ್ತು.

ಚನಿಯ ಇಸ್ತ್ರಿ ಹಾಕಿದ ಅಂಗಿಯಲ್ಲಿ ಬಂದ. "ಅಕ್ಕ, ನಾನು ಮೂರನೇ ಕ್ಲಾಸು ಓದಿದವ. ಇವರೆಲ್ಲ ಕಾಲೇಜು. ಎಂತ ಹೇಳ್ಲಿ?" "ಬಳ್ಳಿಯ ಹತ್ತಿರ ಮಾತಾಡು, ಅವರು ಕೇಳಿಸಿಕೊಳ್ತಾರೆ" ಅಂದೆ. ಹಾಗೆಯೇ ಮಾಡಿದ. ಬಳ್ಳಿಗೆ ತುಳುವಿನಲ್ಲಿ ಸಮಾಧಾನ ಹೇಳುತ್ತಾ ಇಳಿಸಿ ಮಲಗಿಸಿದ. ಗುವೊ ಸಾಹೇಬರು ಅದನ್ನು ಅವರ ಭಾಷೆಗೆ, ಡಾನಾ ಮ್ಯಾಡಂ ಅವರ ಭಾಷೆಗೆ ತಿರುಗಿಸಿದರು. ತುಳು ಬಾರದವರು ಎಂತ ತಿರುಗಿಸಿದರೋ ದೇವರಿಗೇ ಗೊತ್ತು. ಮಕ್ಕಳೆಲ್ಲ ಒಬ್ಬೊಬ್ಬರಾಗಿ ಬಳ್ಳಿ ಇಳಿಸಿದರು. ಮೂರು ಮುರಿದವು. ಮೇಷ್ಟ್ರು ಬೈಯಲಿಲ್ಲ, ಮುರಿದದ್ದನ್ನು ಅಡುಗೆಮನೆಗೆ ಕಳಿಸಿದ.

ಮಧ್ಯಾಹ್ನ ಊಟಕ್ಕೆ ಒಂದೇ ಸಾಲು. ಹಗ್ಗ ಇನ್ನೂ ಟೇಬಲಿನ ಕಾಲಿನಲ್ಲೇ ಉಂಟು. ಯಾರಿಗೆ ಎಂತ ತಿಂದರೆ ಆಗುವುದಿಲ್ಲ ಅಂತ ಮೊದಲೇ ಕೇಳಿ ಗೋಡೆಯ ಮೇಲೆ ಬರೆದಿದ್ದೇನೆ. ನಾನು ಬಡಿಸುತ್ತಾ ಬರುವಾಗ ಚನಿಯ ಕಾಣಲಿಲ್ಲ. ನೋಡಿದರೆ ತಟ್ಟೆಗೆ ಹಾಕಿಕೊಂಡು ಬಾಗಿಲಿನ ಹೊರಗೆ ನಿಂತು ಉಣ್ಣುತ್ತಿದ್ದಾನೆ. ಯಾರೂ ಅವನಿಗೆ ಹೊರಗೆ ಹೋಗು ಅನ್ನಲಿಲ್ಲ ವಿಲ್ಫಿ. ಐವತ್ತು ವರ್ಷದಿಂದ ಆ ಕಾಲಿಗೆ ಅದೇ ಜಾಗ ಗೊತ್ತು. ನನ್ನ ಗಂಟಲಿಗೆ ಬೈಗುಳ ಬಂತು, ಆದರೆ ಯಾರಿಗೆ ಬೈಯಲಿ?

ಸಾಲಿನ ನಡುವೆ ಅಮೆರಿಕದ ಒಬ್ಬಳು ಹುಡುಗಿ, ಅವಳ ಪಕ್ಕ ಚೀನಾದ ಒಬ್ಬ ಹುಡುಗ. ಇಬ್ಬರೂ ಬಾಗಿಲ ಕಡೆ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳು ಈಚೆ ಒಂದು ಗೇಣು ಸರಿದಳು, ಅವನು ಆಚೆ ಒಂದು ಗೇಣು ಸರಿದ. ನಡುವೆ ಒಬ್ಬ ಮನುಷ್ಯನಷ್ಟು ಜಾಗವಾಯಿತು. ಹುಡುಗ ಬೆಂಚನ್ನು ಅಂಗೈಯಲ್ಲಿ ತಟ್ಟಿ, ಬೆಳಿಗ್ಗೆಯಷ್ಟೇ ಕಲಿತ ನಮ್ಮ ಭಾಷೆಯಲ್ಲಿ, "ಮೇಷ್ಟ್ರೇ, ಬನ್ನಿ" ಅಂದ.

ಚನಿಯ ನನ್ನ ಮುಖ ನೋಡಿದ. ನಾನು ಬೇಕಂತಲೇ ಪಾತ್ರೆ ನೋಡಿದೆ.

ಅವನು ಒಳಗೆ ಬಂದು ಅವರ ನಡುವೆ ಕೂತ. ನಾನು ಹೋಗಿ ಅವನ ಎದುರು ಒಂದು ಎಲೆ ಹಾಕಿ ಬಡಿಸಿದೆ.

ನಿನ್ನ ನಂಬರ್ ತೆರೆದಿದ್ದೇನೆ. ಆದರೂ ಕಾಗದವನ್ನೇ ಬರೆ, ಇಸ್ಮಾಯಿಲ್‌ನ ಪೆಟ್ಟಿಗೆ ಖಾಲಿ ಹೋಗಬಾರದು.

ನಿನ್ನ ಟೆಂಪೋದವಳು,
ಅಕ್ಕು